ಎಚ್ಚರ ಟಿಪ್ಪಣಿ ಪುಸ್ತಕದಿಂದಲೇ: ಸಂಪ್ರಬಂಧದಲ್ಲಿ ಕೃತಿಚೌರ್ಯ ತಪ್ಪಿಸುವುದು ಹೇಗೆ?

ಮುಂಬಯಿಯಲ್ಲಿ ಓದುವ ಕನ್ನಡದ ವಿದ್ಯಾರ್ಥಿಗಳು ಸಂಪ್ರಬಂಧಕ್ಕೆ (ಡಿಸರ್ಟೇಶನ್) ಕೈಹಚ್ಚಿದಾಗ ಒಂದೇ ಭಾಷೆಯ ಆಕರಗಳಿಂದ ಕೆಲಸ ಸಾಗುವುದಿಲ್ಲ. ಇಲ್ಲಿನ ಹೋಟೆಲ್ ಉದ್ಯಮದ ಬಗ್ಗೆಯೋ ಕನ್ನಡ ರಾತ್ರಿ ಶಾಲೆಗಳ ಬಗ್ಗೆಯೋ ಬರೆಯಹೊರಟವರು ಇಂಗ್ಲಿಷ್ ಲೇಖನಗಳನ್ನು ಓದುತ್ತಾರೆ, ಮರಾಠಿ ಪುಸ್ತಕಗಳನ್ನು ತಿರುವಿಹಾಕುತ್ತಾರೆ, ಹಿರಿಯರನ್ನು ತುಳುವಿನಲ್ಲಿ ಮಾತನಾಡಿಸುತ್ತಾರೆ, ಕೊನೆಗೆ ಕನ್ನಡದಲ್ಲಿ ಬರೆಯುತ್ತಾರೆ. ಮಾತು ಹೀಗೆ ಭಾಷೆಯಿಂದ ಭಾಷೆಗೆ ದಾಟುವಾಗ ಅದು ಯಾರದೆಂಬ ಗುರುತು ಅಳಿಸಿಹೋಗುವುದು ಬಹಳ ಸುಲಭ. ನಾನು ತಿದ್ದಿದ ಬರಹಗಳಲ್ಲಿ ಕಂಡ ಕೃತಿಚೌರ್ಯದ ಬಹುಪಾಲು, ಕದಿಯಬೇಕೆಂಬ ಉದ್ದೇಶದಿಂದ ಆದದ್ದಾಗಿರಲಿಲ್ಲ. ಓದುವ ಹಂತದಲ್ಲಿ ಟಿಪ್ಪಣಿಯನ್ನು ಸರಿಯಾಗಿ ಬರೆದುಕೊಳ್ಳದೆ ಹೋದದ್ದರಿಂದ ಆಗಿತ್ತು. ಹಾಗಾಗಿ ಈ ಲೇಖನದ ಹೆಚ್ಚಿನ ಭಾಗ ಟಿಪ್ಪಣಿಯ ಬಗ್ಗೆಯೇ ಇದೆ.

ಬೇರೆಯವರ ಮಾತು, ವಿಚಾರ, ಅಂಕಿಅಂಶ, ಚಿತ್ರ ಅಥವಾ ವಾದಸರಣಿಯನ್ನು ಮೂಲ ಹೇಳದೆ ತನ್ನದೆಂಬಂತೆ ಮಂಡಿಸುವುದೇ ಕೃತಿಚೌರ್ಯ. ಇದನ್ನು ಕೃತಿಸ್ವಾಮ್ಯದ ಪ್ರಶ್ನೆಯೊಂದಿಗೆ ಬೆರೆಸಬಾರದು. ನಮ್ಮ ಕಾನೂನಿನಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ 60 ವರ್ಷಗಳವರೆಗೆ ಇರುತ್ತದೆ. ಕಿಟೆಲ್ಲರ 1894ರ ಕನ್ನಡ ನಿಘಂಟನ್ನು ಇಂದು ಯಾರು ಬೇಕಾದರೂ ಅಚ್ಚುಹಾಕಬಹುದು. ಆದರೆ ಅದರಿಂದ ಒಂದು ಪದದ ಅರ್ಥವನ್ನು ತೆಗೆದುಕೊಂಡರೆ ಅವರ ಹೆಸರನ್ನು ಹೇಳಲೇಬೇಕು. ನಮ್ಮ ಮಹಾಪ್ರಬಂಧಗಳ (ಪಿಎಚ್.ಡಿ. ಪ್ರಬಂಧಗಳ) ಕೊನೆಯಲ್ಲಿ ಬರುವ ಆಕರಗಳ ಪಟ್ಟಿಯನ್ನು ಹಿಂದಿನವರು ‘ಗ್ರಂಥಋಣ’ ಎಂದು ಕರೆದದ್ದು ನನಗೆ ಬಹಳ ಸರಿ ಎನಿಸುತ್ತದೆ.

ಮೊದಲ ಹೆಜ್ಜೆ ತೀರ ಸರಳವಾದದ್ದು. ಪುಸ್ತಕವನ್ನು ತೆರೆದ ಕೂಡಲೇ ಶೀರ್ಷಿಕೆಯ ಪುಟ, ಅದರ ಹಿಂಬದಿಯ ಮುದ್ರಣ ವಿವರ ಎರಡರ ಫೋಟೊವನ್ನೂ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ, ಬೇಕಾದ ಅಧ್ಯಾಯದ ಝೆರಾಕ್ಸ್ ಆಮೇಲೆ ಮಾಡಿಸಿ. ವಿದ್ಯಾರ್ಥಿಯಾಗಿದ್ದಾಗ ನಾನು ಇದನ್ನು ಮಾಡಿರಲಿಲ್ಲ. ಫೋರ್ಟಿನ ಒಂದು ಗ್ರಂಥಾಲಯದಲ್ಲಿ ಕುಳಿತು ಬರೆದುಕೊಂಡ ಪುಟವೊಂದು ಎರಡು ವರ್ಷಗಳ ನಂತರ ಕೈಗೆ ಸಿಕ್ಕಿದಾಗ ಅದರಲ್ಲಿ ಪುಸ್ತಕದ ಹೆಸರಿರಲಿಲ್ಲ, ಉದ್ಧರಣ ಚಿಹ್ನೆಯೂ ಇರಲಿಲ್ಲ. ಅಕ್ಷರ ಮಾತ್ರ ನನ್ನದಾಗಿತ್ತು. ಆ ವಾಕ್ಯಗಳು ನನ್ನವೋ ಬೇರೆಯವರವೋ ಎಂದು ತಿಳಿಯಲು ಮೂರು ಶನಿವಾರ ಅದೇ ಕಪಾಟುಗಳ ಮುಂದೆ ನಿಂತೆ. ಮೂಲ ಸಿಗಲಿಲ್ಲ. ಅಧ್ಯಾಯಕ್ಕೆ ಆಧಾರವಾಗಿದ್ದ ಆ ಇಡೀ ಭಾಗವನ್ನು ತೆಗೆದುಹಾಕಬೇಕಾಯಿತು.

ಅಂದಿನಿಂದ ನಾನು ಪಾಲಿಸುತ್ತ ಬಂದ, ವಿದ್ಯಾರ್ಥಿಗಳಿಗೂ ಹೇಳುವ ಕ್ರಮ ಹೀಗಿದೆ. ಮೂಲದ ಮಾತನ್ನು ಇದ್ದಂತೆಯೇ ಬರೆದುಕೊಂಡರೆ ಆ ಕ್ಷಣದಲ್ಲೇ ಉದ್ಧರಣ ಚಿಹ್ನೆಯನ್ನೂ ಪುಟಸಂಖ್ಯೆಯನ್ನೂ ಹಾಕಬೇಕು. ಸಾರಾಂಶ ಮಾಡಿಕೊಂಡರೆ ಅಂಚಿನಲ್ಲಿ ‘ಸಾ’ ಎಂದೂ, ಓದುತ್ತಿರುವಾಗ ತನಗೇ ಹೊಳೆದ ವಿಚಾರವಾದರೆ ‘ನ’ ಎಂದೂ ಗುರುತು ಮಾಡಬೇಕು. ಮರಾಠಿಯಿಂದಲೋ ಇಂಗ್ಲಿಷಿನಿಂದಲೋ ನೀವೇ ಅನುವಾದಿಸಿಕೊಂಡಿದ್ದರೆ ‘ಅನು’ ಎಂದು ಬರೆದು, ಕೆಳಗೆ ಮೂಲದ ಒಂದೆರಡು ಪದಗಳನ್ನಾದರೂ ಉಳಿಸಿಕೊಳ್ಳಿ. ಈ ನಾಲ್ಕನೆಯ ಗುರುತೇ ನಮ್ಮ ನಗರದ ವಿದ್ಯಾರ್ಥಿಗಳಿಗೆ ಎಲ್ಲಕ್ಕಿಂತ ಮುಖ್ಯ. ಕನ್ನಡದ ವಾಕ್ಯವನ್ನು ಕಟ್ಟಿದವರು ನೀವೇ ಆದ್ದರಿಂದ ಆರು ತಿಂಗಳ ಮೇಲೆ ಓದಿದಾಗ ಅದು ನಿಮ್ಮದೇ ಎಂದು ಅನ್ನಿಸುತ್ತದೆ. ಅದರೊಳಗಿನ ವಿಚಾರ ಮಾತ್ರ ಮೂಲ ಲೇಖಕರದು. ಅನುವಾದಿಸಿ ಬಳಸಿದ ಮಾತಿಗೆ ಮೂಲವನ್ನು ಹೇಳಿ, ‘ಅನುವಾದ ನನ್ನದು’ ಎಂದು ಅಡಿಟಿಪ್ಪಣಿಯಲ್ಲಿ ಸೇರಿಸಿದರೆ ಇಬ್ಬರ ಕೆಲಸವೂ ಬೇರೆಬೇರೆಯಾಗಿ ಕಾಣುತ್ತದೆ.

ಬರೆಯಲು ಕುಳಿತಾಗ ಎದುರಾಗುವ ತೊಡಕು ಮತ್ತೊಂದು. ಪದಗಳನ್ನು ಬದಲಾಯಿಸಿಬಿಟ್ಟರೆ ವಾಕ್ಯ ತನ್ನದಾಯಿತು ಎಂದು ಅನೇಕರು ಪ್ರಾಮಾಣಿಕವಾಗಿಯೇ ನಂಬಿರುತ್ತಾರೆ. ಉದಾಹರಣೆಗೆಂದು ನಾನೇ ಕಟ್ಟಿದ ಈ ವಾಕ್ಯವನ್ನು ಮೂಲವೆಂದು ಇಟ್ಟುಕೊಳ್ಳೋಣ: “ಹಗಲೆಲ್ಲ ಹೋಟೆಲಿನಲ್ಲಿ ದುಡಿದು ದಣಿದ ಹುಡುಗರಿಗೆ ರಾತ್ರಿ ಶಾಲೆಯು ಅಕ್ಷರದ ಜೊತೆಗೆ ಊರಿನವರ ಒಡನಾಟವನ್ನೂ ಕೊಟ್ಟಿತು.” ಇದನ್ನು “ದಿನವಿಡೀ ಉಪಾಹಾರಗೃಹಗಳಲ್ಲಿ ಕೆಲಸ ಮಾಡಿ ಆಯಾಸಗೊಂಡ ಬಾಲಕರಿಗೆ ರಾತ್ರಿ ಶಾಲೆಗಳು ವಿದ್ಯೆಯ ಜೊತೆಗೆ ಊರವರ ಸಹವಾಸವನ್ನೂ ನೀಡಿದವು” ಎಂದು ಬರೆದರೆ ಪದಗಳಷ್ಟೇ ಬದಲಾದವು, ವಾಕ್ಯದ ಎಲುಬುಗೂಡು ಹಾಗೆಯೇ ಉಳಿಯಿತು. ಇದೂ ಕೃತಿಚೌರ್ಯವೇ. ಮೂಲವನ್ನು ಮುಚ್ಚಿಟ್ಟು, ಅದರಿಂದ ನಿಮ್ಮ ವಾದಕ್ಕೆ ಏನು ಬೇಕಿತ್ತು ಎಂದು ಯೋಚಿಸಿ ಬರೆಯಿರಿ: “ರಾತ್ರಿ ಶಾಲೆಗಳನ್ನು ಶಿಕ್ಷಣದ ದೃಷ್ಟಿಯಿಂದ ಮಾತ್ರ ನೋಡಿದರೆ ಸಾಲದು, ಮನೆ ಬಿಟ್ಟು ಬಂದವರು ಊರಿನವರನ್ನು ಕಾಣುವ ಜಾಗವೂ ಅವಾಗಿದ್ದವು ಎಂದು ಇಂಥ ಲೇಖಕರು ಗುರುತಿಸುತ್ತಾರೆ (ಪು. 42), ನಾನು ಸಂದರ್ಶಿಸಿದ ಮೂವರಲ್ಲಿ ಇಬ್ಬರ ಅನುಭವವೂ ಇದೇ ಆಗಿದೆ.” ಇಲ್ಲಿ ಲೇಖಕರ ಹೆಸರಿದೆ, ಪುಟವಿದೆ, ನಿಮ್ಮ ಸ್ವಂತ ಕೆಲಸವೂ ಅದರ ಪಕ್ಕದಲ್ಲಿಯೇ ಇದೆ. ಮೂಲದ ಮಾತೇ ಸುಂದರವಾಗಿದೆ, ಬದಲಿಸಿದರೆ ಕೆಡುತ್ತದೆ ಎನ್ನಿಸಿದರೆ ಉದ್ಧರಣ ಚಿಹ್ನೆಯೊಳಗೆ ಹಾಗೆಯೇ ಕೊಡಿ.

ಮುಂಬಯಿ ಕನ್ನಡಿಗರ ಇತಿಹಾಸದ ದೊಡ್ಡ ಪಾಲು ಸಂಘಸಂಸ್ಥೆಗಳ ಸ್ಮರಣ ಸಂಚಿಕೆಗಳಲ್ಲಿದೆ, ಹಿರಿಯರ ನೆನಪಿನಲ್ಲಿದೆ. ಸ್ಮರಣ ಸಂಚಿಕೆಯ ಬರಹಕ್ಕೆ ಎಷ್ಟೋ ಸಲ ಲೇಖಕರ ಹೆಸರೇ ಇರುವುದಿಲ್ಲ. ಹೆಸರಿಲ್ಲದ ಬರಹ ಯಾರಿಗೂ ಸೇರಿದ್ದಲ್ಲ ಎಂದು ಭಾವಿಸಬಾರದು. ಸಂಘದ ಹೆಸರು, ಸಂಚಿಕೆಯ ಸಂದರ್ಭ, ವರ್ಷ, ಬರಹದ ಶೀರ್ಷಿಕೆ ಇಷ್ಟನ್ನು ಕೊಟ್ಟರೆ ಸಾಕು. ಮಾತಿನ ಆಕರಕ್ಕೂ ಇದೇ ಮರ್ಯಾದೆ ಸಲ್ಲಬೇಕು. ಮಾಟುಂಗದಲ್ಲೋ ಡೊಂಬಿವಲಿಯಲ್ಲೋ ನೆಲೆಸಿದ ಹಿರಿಯರೊಬ್ಬರು ಎರಡು ಗಂಟೆ ಕುಳಿತು ತಮ್ಮ ಬದುಕನ್ನು ಹೇಳಿದ್ದರೆ, ಅವರು ಕೊಟ್ಟ ವಿವರಣೆಯನ್ನು ‘ಕ್ಷೇತ್ರಕಾರ್ಯದಿಂದ ತಿಳಿದುಬಂದಂತೆ’ ಎಂಬ ಒಂದು ಮಾತಿನಲ್ಲಿ ಮುಗಿಸುವುದು ಅನ್ಯಾಯ. ಅನುಮತಿ ಕೇಳಿ ಹೆಸರು, ದಿನಾಂಕ, ಸ್ಥಳಗಳನ್ನು ದಾಖಲಿಸಿ. ಹೆಸರು ಬೇಡವೆಂದರೆ ‘ವಕ್ತೃ 3’ (ಮಾಹಿತಿ ಹೇಳಿದ ಮೂರನೆಯವರು) ಎಂದಾದರೂ ಗುರುತಿಸಿ.

ಎಲ್ಲದಕ್ಕೂ ಉಲ್ಲೇಖ ಬೇಕೆಂದಿಲ್ಲ. ರಾಜ್ಯ ಏಕೀಕರಣವಾದದ್ದು 1956ರ ನವೆಂಬರ್ 1ರಂದು ಎಂಬುದು ಎಲ್ಲರಿಗೂ ತಿಳಿದ ಸಂಗತಿ, ಅದಕ್ಕೆ ಅಡಿಟಿಪ್ಪಣಿ ಬೇಡ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಆರಂಭವಾದದ್ದು ಮುಂಬಯಿಯಲ್ಲಿ ಎಂಬುದು ಹಲವರಿಗೆ ಹೊಸ ವಿಷಯ. ಅದನ್ನು ಎಲ್ಲಿ ಓದಿದಿರಿ ಎಂದು ಹೇಳಬೇಕು. ಅನುಮಾನ ಬಂದಲ್ಲೆಲ್ಲ ಉಲ್ಲೇಖ ಕೊಡುವುದೇ ಕ್ಷೇಮ. ಆಕರಗಳನ್ನು ನಮೂದಿಸುವ ಪ್ರಚಲಿತ ಪದ್ಧತಿಗಳಾದ ಎಂಎಲ್ಎ (MLA) ಇರಲಿ, ಎಪಿಎ (APA) ಇರಲಿ, ನಿಮ್ಮ ವಿಭಾಗ ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ರೀತಿಯಲ್ಲಿ ಪಾಲಿಸಿ.

ಈಗ ನಿಯಮದ ಮಾತು. ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) 2018ರಲ್ಲಿ ಹೊರಡಿಸಿದ ನಿಯಮಾವಳಿಯ ಪ್ರಕಾರ ಮಹಾಪ್ರಬಂಧ, ಸಂಪ್ರಬಂಧಗಳಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡನೆ ಇಲ್ಲ. ಶೇ 10ರಿಂದ 40ರವರೆಗೆ ಇದ್ದರೆ ಆರು ತಿಂಗಳು ಮೀರದ ಗಡುವಿನೊಳಗೆ ತಿದ್ದಿ ಸಲ್ಲಿಸಬೇಕು. ಶೇ 40ರಿಂದ 60ರವರೆಗೆ ಇದ್ದರೆ ತಿದ್ದಿದ ಪ್ರತಿಯನ್ನು ಒಂದು ವರ್ಷ ಸಲ್ಲಿಸುವಂತಿಲ್ಲ. ಅದಕ್ಕೂ ಮೀರಿದರೆ ನೋಂದಣಿಯೇ ರದ್ದಾಗುತ್ತದೆ. ಪದವಿ ಪಡೆದ ನಂತರ ಸಾಬೀತಾದರೂ ಪದವಿಯನ್ನು ತಡೆಹಿಡಿಯಲು ಅವಕಾಶವಿದೆ. ಸರಿಯಾಗಿ ಮೂಲ ತಿಳಿಸಿದ ಉದ್ಧರಣಗಳು, ಗ್ರಂಥಋಣ, ಪರಿವಿಡಿ, ಮುನ್ನುಡಿ ಇವು ಲೆಕ್ಕಕ್ಕೆ ಬರುವುದಿಲ್ಲ. ಸಾಮಾನ್ಯ ತಿಳಿವಳಿಕೆಯ ಮಾತುಗಳು ಸತತ 14 ಪದಗಳವರೆಗೆ ಹೊಂದಿಕೆಯಾದರೂ ವಿನಾಯಿತಿ ಇದೆ. ಆದರೆ ವಿಭಕ್ತಿ ಪ್ರತ್ಯಯಗಳು ಪದಕ್ಕೇ ಅಂಟುವ ಕನ್ನಡದಲ್ಲಿ 14 ಪದ ಎಂದರೆ ಸಾಕಷ್ಟು ಉದ್ದದ ವಾಕ್ಯ. ಆ ವಿನಾಯಿತಿಯನ್ನು ನೆಚ್ಚಿಕೊಳ್ಳಬೇಡಿ.

ಈ ಹೋಲಿಕೆಯನ್ನು ಅಳೆಯುವ ತಂತ್ರಾಂಶದ ವರದಿಯ ಬಗ್ಗೆಯೂ ಒಂದು ಎಚ್ಚರ ಬೇಕು. ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಬೆರಳಚ್ಚು ತಂತ್ರಾಂಶಗಳ ಹಳೆಯ, ಯೂನಿಕೋಡ್ (ಎಲ್ಲ ಲಿಪಿಗಳಿಗೂ ಇರುವ ಸಾಮಾನ್ಯ ಸಂಕೇತ ವ್ಯವಸ್ಥೆ) ಅಲ್ಲದ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತ ನಮಗೆ ಕನ್ನಡವಾಗಿ ಕಂಡರೂ ಕಂಪ್ಯೂಟರಿಗೆ ಅದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಅಂಥ ಕಡತಕ್ಕೆ ಸೊನ್ನೆ ಪ್ರತಿಶತ ಬಂದರೆ ಅದರಿಂದ ಏನೂ ಸಾಬೀತಾಗುವುದಿಲ್ಲ, ಯೂನಿಕೋಡಿಗೆ ಪರಿವರ್ತಿಸಿಯೇ ಪರೀಕ್ಷೆಗೆ ಕೊಡಬೇಕು. ಹಾಗೆ ಮಾಡಿದರೂ ಮರಾಠಿಯಿಂದ ಕನ್ನಡಕ್ಕೆ ಬಂದ ಪುಟವನ್ನು ತಂತ್ರಾಂಶ ಹಿಡಿಯುವ ಸಾಧ್ಯತೆ ಕಡಿಮೆ. ಎರಡೂ ಭಾಷೆ ಬಲ್ಲ ಪರೀಕ್ಷಕರು ಹಿಡಿಯುತ್ತಾರೆ, ಯುಜಿಸಿಯ ಇನ್‌ಫ್ಲಿಬ್‌ನೆಟ್ ಕೇಂದ್ರ ನಡೆಸುವ, ಮಹಾಪ್ರಬಂಧಗಳ ಅಂತರಜಾಲ ಭಂಡಾರವಾದ ಶೋಧಗಂಗಾದಲ್ಲಿ ಮಹಾಪ್ರಬಂಧ ಪ್ರಕಟವಾದ ಮೇಲೆ ಯಾವ ಊರಿನ ಓದುಗರೂ ಹಿಡಿಯಬಹುದು. ಕೃತಕ ಬುದ್ಧಿಮತ್ತೆಯ ಸಾಧನಗಳು ಇಲ್ಲದ ಪುಸ್ತಕಗಳ ಹೆಸರನ್ನೂ ಪುಟಸಂಖ್ಯೆಯನ್ನೂ ಕೊಟ್ಟದ್ದುಂಟು. ನೀವೇ ಕೈಯಲ್ಲಿ ಹಿಡಿದು ನೋಡದ ಆಕರವನ್ನು ಪಟ್ಟಿಗೆ ಸೇರಿಸಬೇಡಿ. ಇಂಥ ಸಾಧನಗಳ ಸಹಾಯ ಪಡೆಯಬಹುದೇ ಎಂಬುದನ್ನು ಮಾರ್ಗದರ್ಶಕರಲ್ಲಿ ಮೊದಲೇ ಕೇಳಿ, ಪಡೆದಿದ್ದರೆ ತಿಳಿಸಿ.

ಇಷ್ಟಾದರೂ ಸಲ್ಲಿಕೆಗೆ ವಾರವಿರುವಾಗ ಮೂಲ ನೆನಪಾಗದ ಒಂದು ಪ್ಯಾರಾ ಕಣ್ಣಿಗೆ ಬೀಳಬಹುದು. ಆಗ ಮುಚ್ಚಿಡದೆ, ಟಿಪ್ಪಣಿ ಪುಸ್ತಕದೊಂದಿಗೆ ಮಾರ್ಗದರ್ಶಕರ ಬಳಿಗೆ ಹೋಗಿ ತೋರಿಸಿ. ಮೂಲ ಸಿಕ್ಕರೆ ಸೇರಿಸಬಹುದು, ಸಿಗದಿದ್ದರೆ ಪ್ಯಾರಾವನ್ನು ತೆಗೆದು ಅಧ್ಯಾಯವನ್ನು ಮತ್ತೆ ಹೊಂದಿಸಲು ಒಂದು ವಾರ ಸಾಕು. ಟಿಪ್ಪಣಿ ಪುಸ್ತಕಗಳನ್ನೂ ಫೋಟೊಗಳನ್ನೂ ಮೌಖಿಕ ಪರೀಕ್ಷೆ ಮುಗಿಯುವವರೆಗೆ ಎಸೆಯಬೇಡಿ. ‘ಇದನ್ನು ಎಲ್ಲಿಂದ ತೆಗೆದುಕೊಂಡಿರಿ?’ ಎಂದು ಪರೀಕ್ಷಕರು ಕೇಳಿದಾಗ ತೆರೆದು ತೋರಿಸಲು ಅವು ಬೇಕಾಗುತ್ತವೆ.