ನಾಯಿಗಳ ಜೊತೆ ಮಲೆನಾಡಿಗೆ: ನನ್ನ ಅನುಭವ

ಮುಧೋಳ ನಾಯಿಯ ಕತ್ತು ತಲೆಗಿಂತ ದಪ್ಪ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಬಕಲ್ ಬೆಲ್ಟನ್ನು ಎಷ್ಟು ಬಿಗಿಯಾಗಿ ಕಟ್ಟಿದರೂ, ನಾಯಿ ಹೆದರಿ ಹಿಂದಕ್ಕೆ ಜಗ್ಗಿತೆಂದರೆ ಬೆಲ್ಟು ಕಿವಿ ದಾಟಿ ಕೈಗೆ ಬಂದುಬಿಡುತ್ತದೆ. ಹೆದ್ದಾರಿ ಪಕ್ಕ ಹೀಗಾದರೆ ಅದನ್ನು ಓಡಿ ಹಿಡಿಯುವುದು ಆಗದ ಮಾತು. ಹಾಗಾಗಿ ಬೆಂಗಳೂರಿನಿಂದ ತೀರ್ಥಹಳ್ಳಿ ಕಡೆಗೆ ನಾಯಿಗಳನ್ನು ಕರೆದುಕೊಂಡು ಹೊರಡುವಾಗ ನನ್ನ ತಯಾರಿ ಮೊದಲು ಶುರುವಾಗುವುದು ಕತ್ತಿನಿಂದ.

ನಮ್ಮಲ್ಲಿ ಎರಡಿವೆ. ಬಾಣ ಮುಧೋಳ, 24 ಕೆ.ಜಿ. ಚುಕ್ಕಿ ನಾಟಿ ನಾಯಿ, 16 ಕೆ.ಜಿ. ಬಾಣನಿಗೆ ಮಾರ್ಟಿಂಗೇಲ್ ಬೆಲ್ಟು. ಇದರಲ್ಲಿ ದೊಡ್ಡ ಕುಣಿಕೆ ಒಂದು, ಸಣ್ಣ ಕುಣಿಕೆ ಒಂದು. ನಾಯಿ ಜಗ್ಗಿದಾಗ ಸಣ್ಣದು ದೊಡ್ಡದನ್ನು ಬಿಗಿ ಮಾಡುತ್ತದೆ, ಬಿಟ್ಟಾಗ ಸಡಿಲವಾಗುತ್ತದೆ. ಪೂರ್ತಿ ಜಗ್ಗಿದಾಗ ಎರಡು ಲೋಹದ ಬಳೆಗಳ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯುವ ಹಾಗೆ ಅಳತೆ ಇಡಬೇಕು. ಬಳೆಗಳು ಒಂದಕ್ಕೊಂದು ತಾಗಿದರೆ ಬೆಲ್ಟು ದೊಡ್ಡದಾಯಿತೆಂದು ಅರ್ಥ, ತಲೆ ನುಸುಳುತ್ತದೆ. ಪಟ್ಟಿ ಕನಿಷ್ಠ 4 ಸೆಂ.ಮೀ. ಅಗಲವಿರಲಿ, ಈ ತಳಿಯ ಚರ್ಮ ತೆಳು, ಕಿರಿದಾದ ಪಟ್ಟಿ ಕುಯ್ಯುತ್ತದೆ. ಪ್ರಯಾಣದ ದಿನ ಇದರ ಜೊತೆಗೆ ಎದೆಗೆ ಹಾರ್ನೆಸ್ ಕೂಡ ಹಾಕುತ್ತೇನೆ. ಎರಡೂ ತುದಿಗೆ ಕೊಕ್ಕೆ ಇರುವ ಹಗ್ಗದ ಒಂದು ತುದಿ ಬೆಲ್ಟಿಗೆ, ಇನ್ನೊಂದು ಹಾರ್ನೆಸ್ಸಿಗೆ. ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ. ಕತ್ತಿನಲ್ಲಿ ಫೋನ್ ನಂಬರ್ ಕೆತ್ತಿಸಿದ ಲೋಹದ ಬಿಲ್ಲೆ ಸದಾ ಇರಬೇಕು.

ಕಾರಿಗೆ ರೂಢಿ ಮಾಡಿಸುವುದಕ್ಕೆ ಮೂರು ವಾರ ಬೇಕು. ಬಹಳ ಜನ ಇದನ್ನು ಬಿಟ್ಟು ನೇರವಾಗಿ ಊರಿಗೆ ಹೊರಡುತ್ತಾರೆ, ನೆಲಮಂಗಲ ದಾಟುವಷ್ಟರಲ್ಲಿ ಸೀಟೆಲ್ಲ ವಾಂತಿ. ಮೊದಲ ವಾರ ಎಂಜಿನ್ ಹಾಕದೆ ಐದು ನಿಮಿಷ ಕಾರಿನಲ್ಲಿ ಕೂರಿಸಿ, ತಿಂಡಿ ಕೊಟ್ಟು ಇಳಿಸುತ್ತೇನೆ. ಆಮೇಲೆ ಎಂಜಿನ್ ಹಾಕಿ ನಿಂತಲ್ಲೇ. ಎರಡನೇ ವಾರ ಬೀದಿ ಸುತ್ತ ಒಂದು ರೌಂಡು, ಮೂರನೇ ವಾರ 2 ಕಿ.ಮೀ., 5 ಕಿ.ಮೀ., 10 ಕಿ.ಮೀ. ಪ್ರತಿ ಸಲವೂ ಸವಾರಿ ಮುಗಿಯುವುದು ನಾಯಿಗೆ ಖುಷಿಯಾಗುವ ಜಾಗದಲ್ಲಿ, ಕೆರೆ ಏರಿಯೋ ಮೈದಾನವೋ. ಕಾರು ಹತ್ತಿದರೆ ಸೂಜಿ ಚುಚ್ಚಿಸಿಕೊಳ್ಳಬೇಕು ಅಂತ ನಾಯಿ ಒಮ್ಮೆ ಕಲಿತರೆ ಅದನ್ನು ಮರೆಸುವುದು ಕಷ್ಟ. ಮರಿಗಳಿಗೆ ಒಳಕಿವಿಯ ಸಮತೋಲನದ ಅಂಗ ಪೂರ್ತಿ ಬಲಿತಿರುವುದಿಲ್ಲ, ಅದಕ್ಕೇ ಅವು ಹೆಚ್ಚು ವಾಂತಿ ಮಾಡುತ್ತವೆ. ಬೆಳೆದಂತೆ ಎಷ್ಟೋ ನಾಯಿಗಳಿಗೆ ತಾನಾಗಿ ನಿಲ್ಲುತ್ತದೆ. ತುಟಿ ನೆಕ್ಕುವುದು, ಮೇಲಿಂದ ಮೇಲೆ ಆಕಳಿಸುವುದು, ಜೊಲ್ಲು ದಾರವಾಗಿ ಇಳಿಯುವುದು, ಇಷ್ಟು ಕಂಡರೆ ವಾಂತಿಗೆ ಹೆಚ್ಚು ಹೊತ್ತಿಲ್ಲ, ಗಾಡಿ ನಿಲ್ಲಿಸಿ. ಇಷ್ಟೆಲ್ಲ ಮಾಡಿಯೂ ನಿಲ್ಲದಿದ್ದರೆ ಪಶುವೈದ್ಯರು ಮಾರೋಪಿಟೆಂಟ್ ಮಾತ್ರೆ ಬರೆದುಕೊಡುತ್ತಾರೆ. ತೂಕ ನೋಡಿ ಅವರೇ ಪ್ರಮಾಣ ಹೇಳಬೇಕು. ಮನುಷ್ಯರ ವಾಂತಿ ಮಾತ್ರೆ ಮುರಿದು ಕೊಡಬೇಡಿ.

ಹೊರಡುವ ಹಿಂದಿನ ದಿನ ರಾತ್ರಿ 8ಕ್ಕೆ ಅರ್ಧ ಊಟ. ಬೆಳಗ್ಗೆ ನೀರು ಬಿಟ್ಟರೆ ಬೇರೇನೂ ಇಲ್ಲ. ಆರೋಗ್ಯವಾಗಿರುವ ದೊಡ್ಡ ನಾಯಿ ಮಧ್ಯಾಹ್ನದವರೆಗೆ ಹಸಿದಿದ್ದರೆ ಏನೂ ಆಗುವುದಿಲ್ಲ. ಸಣ್ಣ ಮರಿಗೆ, ಪೊಮೇರಿಯನ್‌ನಂಥ ಪುಟ್ಟ ತಳಿಗೆ ಮಾತ್ರ ಹೀಗೆ ಉಪವಾಸ ಹಾಕಬಾರದು, ರಕ್ತದ ಸಕ್ಕರೆ ಇಳಿದು ಕುಸಿದುಬೀಳಬಹುದು. ಅವಕ್ಕೆ ಮೂರು ಗಂಟೆ ಮೊದಲು ಸ್ವಲ್ಪ ಅನ್ನ ಕೊಟ್ಟು ಹೊರಡಿ. ನೀರು ದಿನಕ್ಕೆ ಕೆ.ಜಿ.ಗೆ 50ರಿಂದ 60 ಮಿ.ಲೀ. ಬೇಕು. ಬಾಣನಿಗೆ ಒಂದೂಕಾಲು ಲೀಟರ್‌ಗೆ ಕಮ್ಮಿ ಇಲ್ಲ, ಚುಕ್ಕಿಗೆ ಒಂದು ಲೀಟರ್‌ಗೆ ಸ್ವಲ್ಪ ಕಮ್ಮಿ. ಐದು ಲೀಟರ್ ಕ್ಯಾನಿನಲ್ಲಿ ಮನೆಯ ನೀರನ್ನೇ ಒಯ್ಯುತ್ತೇನೆ, ಪ್ರತಿ ನಿಲುಗಡೆಯಲ್ಲೂ 100ರಿಂದ 150 ಮಿ.ಲೀ. ಕೊಡುತ್ತೇನೆ. ಒಂದೇ ಸಲಕ್ಕೆ ಬಟ್ಟಲು ತುಂಬ ಕೊಟ್ಟರೆ ಮುಂದಿನ ತಿರುವಿನಲ್ಲಿ ಅದೇ ನೀರು ಹೊರಗೆ. ಊಟವೂ ಮನೆಯದೇ: ರಾಗಿ ಅಂಬಲಿಗೆ ಹಿಟ್ಟು, ಅಕ್ಕಿ, ಬೇಯಿಸಿದ ಕೋಳಿ ಒಂದು ಡಬ್ಬಿ. ಹೊಸ ಜಾಗದಲ್ಲಿ ಹೊಸ ಊಟ ಕೊಟ್ಟರೆ ಮಾರನೆಯ ದಿನ ಭೇದಿ. ನೆಂಟರು ಪ್ರೀತಿಯಿಂದ ಹಾಕುವ ಪಾಯಸದಲ್ಲಿ ಒಣದ್ರಾಕ್ಷಿ ಇರುತ್ತದೆ, ಸಾರಿನಲ್ಲಿ ಈರುಳ್ಳಿ, ಬೆಳ್ಳುಳ್ಳಿ. ದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತದೆ, ಈರುಳ್ಳಿ ರಕ್ತಕಣ ಒಡೆಯುತ್ತದೆ. ಇದನ್ನು ಮನೆಯೊಳಗೆ ಕಾಲಿಡುವ ಮೊದಲೇ ಎಲ್ಲರಿಗೂ ಹೇಳಿಬಿಡುತ್ತೇನೆ.

ಬೆಳಗಿನ ಜಾವ 4:30ಕ್ಕೆ ಹೊರಡುತ್ತೇವೆ. ತುಮಕೂರು, ತಿಪಟೂರು, ಅರಸೀಕೆರೆ ಮೇಲೆ ಹೋದರೆ ಬಿಸಿಲೇರುವ ಹೊತ್ತಿಗೆ ಕಡೂರು ದಾಟಿರುತ್ತೇವೆ. ನಾಯಿಗಳು ಹಿಂದಿನ ಸೀಟಿನಲ್ಲೇ, ಏರ್‌ಬ್ಯಾಗ್ ಇರುವ ಮುಂದಿನ ಸೀಟಿನಲ್ಲಿ ಎಂದಿಗೂ ಇಲ್ಲ. ಹಿಂದಿನ ಸೀಟಿನ ಕಾಲಿಡುವ ಗುಂಡಿಗೆ ಹಳೆ ಕಂಬಳಿ ಮಡಚಿ ತುಂಬಿ ಸೀಟಿನ ಮಟ್ಟಕ್ಕೆ ತರುತ್ತೇನೆ, ಮೇಲೆ ಹತ್ತಿಯ ಹಾಸಿಗೆ. ಬ್ರೇಕ್ ಹಾಕಿದಾಗ ನಾಯಿ ಆ ಗುಂಡಿಗೆ ಬೀಳುವುದು ತಪ್ಪುತ್ತದೆ. ಮುಧೋಳ ನಾಯಿಗೆ ಮೈಮೇಲೆ ಕೊಬ್ಬಿಲ್ಲ. ಹಾಸಿಗೆ ಇಲ್ಲದಿದ್ದರೆ ಮೊಣಕೈ, ಸೊಂಟದ ಮೂಳೆ ಒತ್ತಿ ಕೂದಲು ಉದುರುತ್ತದೆ. ಸೀಟ್ ಬೆಲ್ಟಿನ ಬಕಲ್‌ಗೆ ಸಿಕ್ಕಿಸುವ ಪಟ್ಟಿಯನ್ನು ಹಾರ್ನೆಸ್ಸಿಗೇ ಕಟ್ಟಬೇಕು, ಕತ್ತಿನ ಬೆಲ್ಟಿಗೆ ಅಲ್ಲ. ಕತ್ತಿಗೆ ಕಟ್ಟಿದರೆ ಗಟ್ಟಿ ಬ್ರೇಕಿಗೆ ಗಂಟಲೇ ಜಜ್ಜಿಹೋಗುತ್ತದೆ. ಪಟ್ಟಿಯ ಉದ್ದ 40 ಸೆಂ.ಮೀ. ಇದ್ದರೆ ನಾಯಿ ಏಳಬಹುದು, ಮಲಗಬಹುದು, ಮುಂದಕ್ಕೆ ಬರಲಾರದು. ಪವರ್ ವಿಂಡೋ ಲಾಕ್ ಮಾಡಿರಲಿ, ಕಾಲಿಟ್ಟೇ ಗಾಜು ಇಳಿಸಿಬಿಡುತ್ತವೆ. ತಲೆ ಹೊರಹಾಕಿ ಗಾಳಿ ಕುಡಿಯುವುದು ನೋಡಲು ಚೆಂದ, ಆದರೆ ಮರಳಿನ ಒಂದು ಕಣ ಸಾಕು, ಕಣ್ಣಿನ ಪದರ ಗೀರಿಬಿಡುತ್ತದೆ.

ಇಳಿಸುವ ಕ್ರಮವೊಂದಿದೆ, ಅದನ್ನು ಎಂದೂ ತಪ್ಪಿಸುವುದಿಲ್ಲ. ಹ್ಯಾಂಡ್‌ಬ್ರೇಕ್, ಎಂಜಿನ್ ಬಂದ್. ಬಾಗಿಲು ಮುಚ್ಚಿರುವಾಗಲೇ ಒಳಗಿನಿಂದ ಹಗ್ಗ ಸಿಕ್ಕಿಸಿ, ಎರಡೂ ಕೊಕ್ಕೆ ಒಮ್ಮೆ ಎಳೆದು ನೋಡಿ, ಹಗ್ಗದ ಹಿಡಿಯನ್ನು ಮಣಿಕಟ್ಟಿಗೆ ಹಾಕಿಕೊಂಡು, ಆಮೇಲೆ ಸೀಟಿನ ಪಟ್ಟಿ ಬಿಚ್ಚಿ, ಆಮೇಲೆ ರಸ್ತೆಯ ಕಡೆಯಲ್ಲದ ಬಾಗಿಲು. ಒಂದು ಸಲಕ್ಕೆ ಒಂದೇ ನಾಯಿ. ನಿಲುಗಡೆ ಎರಡು ಗಂಟೆಗೊಂದು, ಹತ್ತು ಹದಿನೈದು ನಿಮಿಷ. ಹೋಟೆಲ್ ಮುಂದೆ ನಿಲ್ಲಿಸಬೇಡಿ: ಎಂಜಲೆಲೆಗೆ ಸೇರುವ ಬೀದಿ ನಾಯಿಗಳ ಗುಂಪು ಹೊಸ ನಾಯಿಯನ್ನು ಸೇರಿಸುವುದಿಲ್ಲ, ನೆಲದಲ್ಲಿ ಕೋಳಿ ಮೂಳೆ, ಒಡೆದ ಬಾಟಲಿ. ಊರು ದಾಟಿ ಅರ್ಧ ಕಿ.ಮೀ. ಮುಂದೆ, ಹುಣಸೆ ಮರದ ನೆರಳು ವಾಸಿ. ಹತ್ತು ಗಂಟೆ ಮೇಲೆ ಟಾರಿನ ಮೇಲೆ ನಡೆಸುವ ಮುನ್ನ ಅಂಗೈ ಹಿಂಭಾಗವನ್ನು ಏಳು ಸೆಕೆಂಡು ಊರಿ ನೋಡಿ. ನಮಗೆ ತಡೆಯಲಾಗದಿದ್ದರೆ ಅವುಗಳ ಪಾದಕ್ಕೂ ಆಗುವುದಿಲ್ಲ.

ನಿಂತ ಕಾರಿನಲ್ಲಿ ನಾಯಿಯನ್ನು ಬಿಟ್ಟು ತಿಂಡಿಗೆ ಹೋಗುವುದು ಬೇಡವೇ ಬೇಡ. ಹೊರಗೆ 30 ಡಿಗ್ರಿ ಇದ್ದರೆ ಹತ್ತು ನಿಮಿಷದಲ್ಲಿ ಒಳಗೆ 40ರ ಹತ್ತಿರ ಹೋಗುತ್ತದೆ, ಗಾಜು ಎರಡು ಬೆರಳು ಇಳಿಸಿದ್ದರೂ ಅಷ್ಟೆ. ನಾಯಿಯ ಸಹಜ ಮೈಶಾಖ 38ರಿಂದ 39.2 ಡಿಗ್ರಿ, 41 ದಾಟಿದರೆ ಜೀವಕ್ಕೆ ಅಪಾಯ. ವಿಪರೀತ ಏದುಸಿರು, ಗಾಢ ಕೆಂಪು ನಾಲಿಗೆ, ಅಂಟಂಟು ಜೊಲ್ಲು, ತೂರಾಡುವ ಕಾಲು ಕಂಡರೆ ನೆರಳಿಗೆ ತಂದು ಹೊಟ್ಟೆ, ತೊಡೆ ಸಂದು, ಪಾದಕ್ಕೆ ತಣ್ಣೀರು ಹೊಯ್ದು ಗಾಳಿ ಬೀಸಿ. ಒದ್ದೆ ಟವೆಲ್ ಹೊದಿಸಿ ಹಾಗೇ ಬಿಟ್ಟರೆ ಶಾಖ ಒಳಗೇ ನಿಲ್ಲುತ್ತದೆ. ಥರ್ಮಾಮೀಟರ್ 39.5 ತೋರಿಸಿದ ಕೂಡಲೇ ನೀರು ನಿಲ್ಲಿಸಿ ಆಸ್ಪತ್ರೆಗೆ ಹೊರಡಿ, ಚೇತರಿಸಿಕೊಂಡಂತೆ ಕಂಡರೂ. 1962 ಪಶು ಸಂಜೀವಿನಿ ಸಹಾಯವಾಣಿ ಫೋನಿನಲ್ಲಿರಲಿ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜಿದೆ ಎಂಬುದೂ ನೆನಪಿರಲಿ.

ರೈಲಿನ ವಿಚಾರ ಚಿಕ್ಕದಾಗಿ. ಫಸ್ಟ್ ಎಸಿಯಲ್ಲಿ ಎರಡು ಬರ್ತಿನ ಕೂಪೆಯನ್ನೋ ನಾಲ್ಕು ಬರ್ತಿನ ಕ್ಯಾಬಿನ್ನನ್ನೋ ಪೂರ್ತಿ ನೀವೇ ಬುಕ್ ಮಾಡಿದರೆ ನಾಯಿ ಜೊತೆಗಿರಬಹುದು. ಕೂಪೆ ಸಿಕ್ಕಿತೋ ಇಲ್ಲವೋ ತಿಳಿಯುವುದು ಚಾರ್ಟ್ ತಯಾರಾದ ಮೇಲೆಯೇ, ಹಾಗಾಗಿ ಮೊದಲೇ ಮನವಿ ಪತ್ರ ಕೊಡಬೇಕು. ಆಮೇಲೆ ಪಾರ್ಸೆಲ್ ಕಚೇರಿಯಲ್ಲಿ ನಾಯಿಯ ತೂಕ ಹಾಕಿಸಿ ರಸೀದಿ ಪಡೆಯಬೇಕು. ರೇಬೀಸ್ ಲಸಿಕೆಯ ಪುಸ್ತಕ, ವೈದ್ಯರ ಹೊಸ ಆರೋಗ್ಯ ಪತ್ರ ಕೇಳುತ್ತಾರೆ. ಎರಡು ಮೂರು ಗಂಟೆ ಮೊದಲೇ ನಿಲ್ದಾಣದಲ್ಲಿರಿ. ಸೆಕೆಂಡ್ ಎಸಿ, ಥರ್ಡ್ ಎಸಿ, ಸ್ಲೀಪರ್‌ನಲ್ಲಿ ಬಿಡುವುದಿಲ್ಲ. ಉಳಿದ ದಾರಿ ಗಾರ್ಡ್ ವ್ಯಾನಿನ ನಾಯಿ ಪೆಟ್ಟಿಗೆ. ಸದ್ದು, ಸೆಕೆ, ನಮ್ಮ ಮುಖ ಕಾಣದ ಕತ್ತಲು. ನನ್ನ ನಾಯಿಗಳನ್ನು ನಾನು ಅದರಲ್ಲಿ ಹಾಕುವುದಿಲ್ಲ.

ಇನ್ನು ಉಣ್ಣೆ, ಮೈಗೆ ಕಚ್ಚಿಕೊಂಡು ರಕ್ತ ಹೀರುವ ಹುಳು. ಮಲೆನಾಡಿಗರು ಉಣುಗು ಅನ್ನುತ್ತಾರೆ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಅದನ್ನು ಮನುಷ್ಯರಿಗೆ ದಾಟಿಸುವುದು ಕಾಡಿನ ಉಣುಗು. ನಾಯಿ ಕಾಡಿಗೆ ಹೋಗಿಬಂದರೆ ಮೈಯಲ್ಲಿ ಅವನ್ನು ಮನೆಗೆ ಹೊತ್ತು ತರಬಹುದು. ಡಿಸೆಂಬರ್‌ನಿಂದ ಮೇವರೆಗೆ ನಾವು ತೋಟದ ಬೇಲಿ ದಾಟುವುದಿಲ್ಲ, ಎಲ್ಲಾದರೂ ಮಂಗ ಸತ್ತ ಸುದ್ದಿ ಬಂದರೆ ಅಂಗಳವೇ ಗಡಿ. ನಾಯಿಗೇ ಬರುವ ಉಣ್ಣೆ ಜ್ವರಗಳು ಬೇರೆ, ಎರ್ಲಿಕಿಯಾ, ಬೆಬೀಸಿಯಾ. ಹೊರಡುವುದಕ್ಕೆ ಒಂದು ವಾರ ಮೊದಲು ವೈದ್ಯರು ಹೇಳಿದ ಉಣ್ಣೆ ಮಾತ್ರೆಯನ್ನು ಊಟದ ಜೊತೆ ಕೊಡುತ್ತೇನೆ. ಕೆಲವಕ್ಕೆ ಒಂದು ತಿಂಗಳು, ಕೆಲವಕ್ಕೆ 12 ವಾರ ಶಕ್ತಿ. ಫಿಟ್ಸ್ ಬರುವ ನಾಯಿಯಾಗಿದ್ದರೆ ಅದನ್ನು ಮೊದಲೇ ಹೇಳಬೇಕು.

ಮಾತ್ರೆ ಕೊಟ್ಟರೂ ಸಂಜೆ ಕೈಯಾಡಿಸುವುದು ಬಿಡಬಾರದು. ಕಿವಿಯ ಮಡಿಕೆ, ಬೆಲ್ಟಿನ ಅಡಿ, ಕಂಕುಳು, ಬಾಲದ ಬುಡ, ಮುಖ್ಯವಾಗಿ ಬೆರಳುಗಳ ಸಂದು. ಸಣ್ಣವು ಎಳ್ಳಿನಷ್ಟೂ ಇರುವುದಿಲ್ಲ, ಕಣ್ಣಿಗಿಂತ ಬೆರಳ ತುದಿಗೆ ಬೇಗ ಸಿಗುತ್ತವೆ. ಚೂಪು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು, ತಿರುಚದೆ, ನೇರವಾಗಿ ನಿಧಾನಕ್ಕೆ ಎಳೆಯಬೇಕು. ಸೀಮೆಎಣ್ಣೆ, ಊದುಬತ್ತಿ ಕಿಡಿ ಬೇಡ. ಗಾಬರಿಯಾದ ಉಣ್ಣೆ ಹೊಟ್ಟೆಯಲ್ಲಿದ್ದದ್ದನ್ನು ಗಾಯದೊಳಗೇ ಕಕ್ಕುತ್ತದೆ. ಉಗುರಿನಲ್ಲಿ ಕುಕ್ಕಬೇಡಿ, ಸ್ಪಿರಿಟ್ ಹಾಕಿದ ಸಣ್ಣ ಶೀಶೆಗೆ ಬಿಡಿ. ಮಳೆಗಾಲದಲ್ಲಿ ಇಂಬಳ, ಅಂದರೆ ಜಿಗಣೆ. ಪಾದಕ್ಕೆ ಹತ್ತಿದ್ದರೆ ಉಪ್ಪು, ಇಲ್ಲವೇ ನಿಂಬೆರಸ. ಬಿದ್ದ ಮೇಲೂ ರಕ್ತ ಸ್ವಲ್ಪ ಹೊತ್ತು ಹರಿಯುತ್ತದೆ, ಹತ್ತಿ ಒತ್ತಿ ಹಿಡಿಯಿರಿ. ಹಳ್ಳದ ನೀರು ಕುಡಿದ ಮೇಲೆ ನಾಯಿ ಬಿಡದೆ ಸೀನುತ್ತಾ ಒಂದೇ ಹೊಳ್ಳೆಯಲ್ಲಿ ರಕ್ತ ಬಂದರೆ ಒಳಗೆ ಇಂಬಳವಿರಬಹುದು, ಅದನ್ನು ವೈದ್ಯರೇ ತೆಗೆಯಲಿ. ಮಳೆಗಾಲದ ಗದ್ದೆ ನೀರಿನಲ್ಲಿ ಇಲಿ ಜ್ವರದ ಸೋಂಕು ಇರುತ್ತದೆ, ಲೆಪ್ಟೊ ಲಸಿಕೆ ವರ್ಷಕ್ಕೊಮ್ಮೆ ತಪ್ಪಿಸಬೇಡಿ.

ಅಡಿಕೆ ತೋಟದ ಮನೆಯಲ್ಲಿ ನಗರದವರ ಕಣ್ಣಿಗೆ ಬೀಳದ ಅಪಾಯಗಳಿವೆ. ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ದ್ರಾವಣ ಡ್ರಮ್ಮಿನಲ್ಲಿ ತೆರೆದೇ ಇರುತ್ತದೆ, ಬಾಯಾರಿದ ನಾಯಿ ಅದಕ್ಕೇ ಮೂತಿ ಇಡುತ್ತದೆ. ಅಟ್ಟದಲ್ಲಿ ಇಲಿ ಪಾಷಾಣ. ಬೇಲಿಯಂಚಿನಲ್ಲಿ ಹಂದಿಗೆ ಇಟ್ಟ ಉರುಳು, ಸಿಡಿಮದ್ದು. ಬಂದ ದಿನವೇ ಮನೆಯವರ ಜೊತೆ ಒಂದು ಸುತ್ತು ನಡೆದು ಎಲ್ಲೆಲ್ಲಿ ಏನಿದೆ ಕೇಳಿಕೊಳ್ಳುತ್ತೇನೆ. ಮುಧೋಳ ಓಡುವುದನ್ನು ಕಂಡರೆ ಅಟ್ಟಿಸಿಕೊಂಡು ಹೋಗುವ ತಳಿ. ಕೋಳಿ, ಕರು ಇರುವ ಅಂಗಳದಲ್ಲಿ ಹಗ್ಗ ಬಿಚ್ಚುವುದಿಲ್ಲ. ಆ ಮನೆಯ ನಾಯಿಯ ಪರಿಚಯ ಗೇಟಿನ ಹೊರಗೇ ಆಗಬೇಕು, ಎರಡನ್ನೂ ಹತ್ತು ಹೆಜ್ಜೆ ದೂರದಲ್ಲಿ ಒಂದೇ ದಿಕ್ಕಿಗೆ ಕಾಲು ಗಂಟೆ ನಡೆಸಿ ಆಮೇಲೆ ಒಳಗೆ. ರಾತ್ರಿ ಚಿರತೆಯ ಭಯ ನಿಜವಾದದ್ದು, ನಾಯಿಗಳು ಬಾಗಿಲೊಳಗೇ ಮಲಗಬೇಕು. ಮಡಿಯ ಮನೆಯಾದರೆ ಇದನ್ನು ಫೋನಿನಲ್ಲೇ ಕೇಳಿ ಒಪ್ಪಿಗೆ ಪಡೆದಿರಿ, ಕೊಟ್ಟಿಗೆ ಪಕ್ಕದ ಬಾಗಿಲಿರುವ ಕೋಣೆಯೂ ನಡೆಯುತ್ತದೆ.

ವಾಪಸು ಬಂದ ದಿನ ಹಾಸಿಗೆ, ಕಂಬಳಿ ಕುದಿಯುವ ನೀರಿಗೆ, ಆಮೇಲೆ ಎರಡು ದಿನ ಬಿಸಿಲಿಗೆ. ಸೀಟಿನ ಹೊಲಿಗೆ ಸಂದುಗಳಿಗೆ ವ್ಯಾಕ್ಯೂಮ್, ಏಕೆಂದರೆ ರಕ್ತ ಕುಡಿದು ಉದುರಿದ ಒಂದು ಹೆಣ್ಣು ಉಣ್ಣೆ ಅಲ್ಲಿ ಸಾವಿರಾರು ಮೊಟ್ಟೆ ಇಡಬಲ್ಲದು. ಮೂರು ವಾರ ದಿನವೂ ವಸಡಿನ ಬಣ್ಣ ನೋಡುತ್ತೇನೆ. ಊಟ ಬಿಟ್ಟು ಮಂಕಾಗುವುದು, ಜ್ವರ, ಬಿಳಿಚಿದ ವಸಡು, ಮೂಗಿನಲ್ಲಿ ರಕ್ತ, ಕಾಫಿ ಡಿಕಾಕ್ಷನ್ ಬಣ್ಣದ ಮೂತ್ರ, ಇವುಗಳಲ್ಲಿ ಒಂದು ಕಂಡರೂ ಅವತ್ತೇ ರಕ್ತ ಪರೀಕ್ಷೆಗೆ ಕರೆದೊಯ್ದು, ಮಲೆನಾಡಿಗೆ ಹೋಗಿಬಂದೆವು, ಪ್ಲೇಟ್‌ಲೆಟ್ ನೋಡಿ ಅಂತ ವೈದ್ಯರಿಗೆ ಬಾಯಿಬಿಟ್ಟು ಹೇಳಿ.