ಲಿಲಿ ಮೊಳಕೆ ತಿನ್ನುವ ಕೆಂಪು ಜೀರುಂಡೆ: ಬಿಳಿ ಕಾಗದ ಹಾಸಿ ಹಿಡಿದದ್ದು

ಇಂಗ್ಲೆಂಡಿನಲ್ಲಿ ಮಾರ್ಚ್ ಕೊನೆಗೆ ಏಷಿಯಾಟಿಕ್ ಲಿಲಿ ಮೊಳಕೆ ಮೇಲೇಳುವ ಹೊತ್ತಿಗೇ ಕೆಂಪು ಲಿಲಿ ಜೀರುಂಡೆಯೂ ಮಣ್ಣಿನಿಂದ ಹೊರಬರುತ್ತದೆ. ಉದ್ದ ಸುಮಾರು 8 ಮಿ.ಮೀ., ಬೆನ್ನು ಅರಗಿನಂಥ ಕೆಂಪು, ತಲೆ ಮತ್ತು ಕಾಲು ಕಪ್ಪು. ಎಲೆಯಲ್ಲಿ ದುಂಡನೆ ತೂತುಗಳಿದ್ದು, ಬಸವನಹುಳುವಿನ ಲೋಳೆಗೆರೆ ಕಾಣದಿದ್ದರೆ ಇದರ ಮೇಲೆಯೇ ಅನುಮಾನ ಪಡಿ.

ಬರಿಗೈಯಲ್ಲಿ ಹಿಡಿಯಹೋದರೆ ಸಿಗುತ್ತಿರಲಿಲ್ಲ. ಗಿಡ ಅಲುಗಿದರೆ ಸಾಕು, ಕಾಲು ಮಡಚಿ ಉದುರಿ ಬೀಳುತ್ತದೆ. ಅಂಗಾತ ಬಿದ್ದಾಗ ಮೇಲೆ ಕಾಣುವುದು ಕಪ್ಪು ಹೊಟ್ಟೆ. ಮಣ್ಣಿನಲ್ಲಿ ಗುರುತೇ ಹತ್ತುವುದಿಲ್ಲ. ಹಾಗಾಗಿ ಮೊದಲು ಬುಡದಲ್ಲಿ ಬಿಳಿ ಕಾಗದ ಹಾಸಿ, ಆಮೇಲೆ ಕಾಂಡವನ್ನು ಮೆಲ್ಲಗೆ ತಟ್ಟಿದೆ. ಬಿದ್ದವನ್ನು ಸೋಪುನೀರಿನ ಡಬ್ಬಿಗೆ ಸುರಿದರಾಯಿತು. ಜೋರಾಗಿ ತಟ್ಟಬೇಡಿ: ತುದಿ ಮುರಿದರೆ ಆ ಕಾಂಡದಲ್ಲಿ ಈ ವರ್ಷ ಹೂವಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಕಾಟ ತಪ್ಪುವುದಿಲ್ಲ. ಎಲೆಯಡಿಯಲ್ಲಿ ಕೇಸರಿ-ಕೆಂಪು ಮೊಟ್ಟೆಗಳು ಸಾಲಾಗಿ ಅಂಟಿರುತ್ತವೆ, ಬೆರಳಿನಿಂದ ಉಜ್ಜಿ ತೆಗೆಯಿರಿ. ಮರಿಹುಳು ತನ್ನದೇ ಹಿಕ್ಕೆಯನ್ನು ಮೈಮೇಲೆ ಹೊತ್ತಿರುವುದರಿಂದ ಕಪ್ಪು ಕೆಸರಿನ ಉಂಡೆಯಂತೆ ಕಾಣುತ್ತದೆ. ಎಲೆಯನ್ನು ಹೆಚ್ಚು ಬೋಳಿಸುವುದು ಅದೇ. ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ವಾರಕ್ಕೆರಡು ಸಲ, ಜುಲೈ ತನಕ ನೋಡುತ್ತಿರಬೇಕು. ಎಲೆ ಬೋಳಾದರೆ ಗೆಡ್ಡೆ ಸೊರಗಿ ಮುಂದಿನ ವರ್ಷದ ಹೂವಿಗೂ ಪೆಟ್ಟು. ಲಿಲಿಯ ಹತ್ತಿರದ ಬಂಧುವಾದ ಫ್ರಿಟಿಲರಿ ಎಂಬ ಹೂಗಿಡಗಳಿದ್ದರೆ ಅವನ್ನೂ ಪರೀಕ್ಷಿಸಿ, ಇದು ಅಲ್ಲಿಯೂ ಮೊಟ್ಟೆಯಿಡುತ್ತದೆ. ಹೂ ಬಿಟ್ಟ ಗಿಡಕ್ಕೆ ಕೀಟನಾಶಕ ಮಾತ್ರ ಹೊಡೆಯಬೇಡಿ, ಜೇನುನೊಣಗಳು ಸಾಯುತ್ತವೆ.

ಮನೆಯಲ್ಲಿ ಬೆಕ್ಕಿದ್ದರೆ ಲಿಲಿ ಬೆಳೆಸಲೇಬೇಡಿ. ಅದರ ಪರಾಗವೂ ಬೆಕ್ಕಿನ ಮೂತ್ರಪಿಂಡಕ್ಕೆ ವಿಷ.