ಕೌಟುಂಬಿಕ ಕೇಸಿಗೆ ಚೆಕ್‌ಲಿಸ್ಟ್ ಫಾರ್ಮ್: ನಾನು ಮಾಡಿಕೊಂಡ ಬಗೆ

ವಿಚ್ಛೇದನ, ಜೀವನಾಂಶ, ಮಕ್ಕಳ ಸುಪರ್ದಿ ಅಂತ ನಮ್ಮಂಥ ವಕೀಲರ ಹತ್ತಿರ ಬರುವವರು ಮೊದಲೇ ದಣಿದಿರುತ್ತಾರೆ. ಅವರ ಕೈಗೆ ಬೇಕಾದ ದಾಖಲೆಗಳ ಉದ್ದದ ಪಟ್ಟಿ ಕೊಟ್ಟರೆ ಅರ್ಧ ಖಾಲಿಯಾಗಿಯೇ ವಾಪಸ್ ಬರುತ್ತದೆ. ಮಕ್ಕಳಿಲ್ಲದವರನ್ನೂ ಶಾಲೆಯ ದಾಖಲೆ ಕೇಳಿದರೆ ಬೇಸರ ಆಗುತ್ತೆ ಅಲ್ವಾ? ಅವರವರ ಕೇಸಿಗೆ ಬೇಕಾದ್ದನ್ನಷ್ಟೇ ಕೇಳುವ ಫಾರ್ಮ್ ಮಾಡಬೇಕು ಅಂತ ಗೂಗಲ್ ಫಾರ್ಮ್ಸ್ ಹಿಡಿದೆ.

ಒಂದಲ್ಲ, ಎರಡು ಫಾರ್ಮ್ ಮಾಡಿದೆ. ಮೊದಲನೆಯದು ತೀರಾ ಚಿಕ್ಕದು. ಹೆಸರು, ಎದುರು ಪಕ್ಷದವರ ಹೆಸರು, ಕೋರ್ಟ್ ನೋಟಿಸ್ ಬಂದಿದೆಯಾ, ಮುಂದಿನ ತಾರೀಖು ಯಾವತ್ತು, ಅಷ್ಟೇ. ಎದುರು ಪಕ್ಷದವರು ಈಗಾಗಲೇ ನಮ್ಮ ಕಕ್ಷಿದಾರರಾಗಿದ್ದರೆ ಈ ಕೇಸು ಹಿಡಿಯುವಂತಿಲ್ಲ. ಅದು ಗೊತ್ತಾಗುವ ಮೊದಲೇ ಇವರ ಮನೆಯ ವಿಷಯವೆಲ್ಲ ನಮಗೆ ಬಂದುಬಿಡಬಾರದು. ಹೆಸರು ನೋಡಿ ಖಾತ್ರಿಯಾದ ಮೇಲೆಯೇ ಎರಡನೇ ಫಾರ್ಮಿನ ಲಿಂಕ್ ಕಳಿಸುತ್ತೇನೆ.

ಚಿಕ್ಕ ಫಾರ್ಮಿನಲ್ಲಿ ಇನ್ನೂ ಒಂದು ಪ್ರಶ್ನೆ ಇದೆ. ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ: "ಯಾವ ನಂಬರಿಗೆ, ಯಾವ ಹೊತ್ತಿನಲ್ಲಿ ಕರೆ ಮಾಡಿದರೆ ನಿಮಗೆ ತೊಂದರೆ ಇಲ್ಲ?" ಎಷ್ಟೋ ಸಲ ಗಂಡ ಹೆಂಡತಿ ಇನ್ನೂ ಒಂದೇ ಮನೆಯಲ್ಲಿರುತ್ತಾರೆ, ಫೋನಿನ ಪಾಸ್‌ವರ್ಡ್ ಇಬ್ಬರಿಗೂ ಗೊತ್ತಿರುತ್ತದೆ. ಮನೆಯಲ್ಲಿ ಹೊಡೆತ, ಬೆದರಿಕೆ ಇದ್ದರಂತೂ ಒಂದು ಇಮೇಲ್ ಕಣ್ಣಿಗೆ ಬಿದ್ದರೂ ಸಾಕು, ಅಪಾಯ. ಅದಕ್ಕೇ ಉತ್ತರಗಳ ಪ್ರತಿ ತುಂಬಿದವರ ಇಮೇಲಿಗೆ ಹೋಗದಂತೆ ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಟ್ಟಿದ್ದೇನೆ. ಉತ್ತರಗಳ ಸಾರಾಂಶ ತೋರಿಸುವ ಆಯ್ಕೆಯೂ ಆಫ್ ಇರಲೇಬೇಕು. ಅದು ಆನ್ ಇದ್ದರೆ ಒಬ್ಬರು ಬರೆದದ್ದು ಇನ್ನೊಬ್ಬರಿಗೆ ಕಾಣುತ್ತದೆ.

ಎರಡನೇ ಫಾರ್ಮ್ ಕವಲೊಡೆಯುತ್ತದೆ. ಉತ್ತರ ನೋಡಿ ಬೇರೆ ಭಾಗಕ್ಕೆ ಕಳಿಸುವ ಸೌಲಭ್ಯ ಮಲ್ಟಿಪಲ್ ಚಾಯ್ಸ್ ಮತ್ತು ಡ್ರಾಪ್‌ಡೌನ್ ಪ್ರಶ್ನೆಗಳಿಗೆ ಮಾತ್ರ ಇದೆ, ಹಲವು ಉತ್ತರಗಳಿಗೆ ಟಿಕ್ ಹಾಕಬಹುದಾದ ಚೆಕ್‌ಬಾಕ್ಸಿಗೆ ಇಲ್ಲ. ಹಾಗಾಗಿ "ಮಕ್ಕಳಿದ್ದಾರಾ?", "ಇಬ್ಬರ ಹೆಸರಲ್ಲೂ ಆಸ್ತಿ ಅಥವಾ ಸಾಲ ಇದೆಯಾ?" ಅಂತ ಹೌದು, ಇಲ್ಲ ಪ್ರಶ್ನೆಗಳನ್ನೇ ಇಟ್ಟೆ, ಒಂದು ಭಾಗಕ್ಕೆ ಒಂದೇ.

ದಾಖಲೆಗಳ ಪಟ್ಟಿಗೆ ಸುಮ್ನೆ ಟಿಕ್ ಹಾಕಿಸಿದರೆ ಪ್ರಯೋಜನ ಕಡಿಮೆ. ಟಿಕ್ ಇಲ್ಲ ಅಂದರೆ ದಾಖಲೆಯೇ ಇಲ್ಲವೋ, ಹುಡುಕಬೇಕೋ ತಿಳಿಯುವುದಿಲ್ಲ. ಅದಕ್ಕೆ ಗ್ರಿಡ್ ಬಳಸಿದೆ. ಅಡ್ಡ ಸಾಲುಗಳಲ್ಲಿ ಮದುವೆ ನೋಂದಣಿ ಪತ್ರ, ಮಕ್ಕಳ ಜನನ ಪತ್ರ, ಸಂಬಳದ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಸಾಲದ ಪತ್ರ, ವಿಮೆ, ಹಳೆಯ ಕೋರ್ಟ್ ಆದೇಶ. ಮೇಲೆ ನಾಲ್ಕು ಕಾಲಂ: ಇದೆ, ಹುಡುಕಬೇಕು, ಅವರ ಬಳಿ ಇದೆ (ಅಂದರೆ ಎದುರು ಪಕ್ಷದವರ ಬಳಿ), ಇಲ್ಲ. ಇದಕ್ಕಿಂತ ಜಾಸ್ತಿ ಕಾಲಂ ಬೇಡ, ಮೊಬೈಲಿನಲ್ಲಿ ಪಕ್ಕಕ್ಕೆ ಎಳೆದು ನೋಡಬೇಕಾಗುತ್ತದೆ.

ಫೈಲ್ ಅಪ್‌ಲೋಡ್ ಬೇಕೆಂದೇ ಕೈಬಿಟ್ಟೆ. ಅದಕ್ಕೆ ತುಂಬುವವರು ಗೂಗಲ್ ಖಾತೆಗೆ ಲಾಗಿನ್ ಆಗಲೇಬೇಕು. ಹಂಚಿಕೊಂಡ ಫೋನಿನಲ್ಲಿ ಅದು ಬೇಡ ಅನ್ನಿಸಿತು. ಕಾಗದಪತ್ರ ಭೇಟಿಯಾದಾಗಲೇ ತೆಗೆದುಕೊಳ್ಳುತ್ತೇನೆ.

ಉತ್ತರಗಳು ಗೂಗಲ್ ಶೀಟ್ಸ್‌ನ ಕೋಷ್ಟಕಕ್ಕೆ ಬಂದು ಸೇರುತ್ತವೆ. ಅದನ್ನು ನೋಡಲು ನನಗೆ, ನನ್ನ ಜೂನಿಯರ್‌ಗೆ ಮಾತ್ರ ಅನುಮತಿ. ಮೊದಲ ಭೇಟಿಗೆ ಮುಂಚೆ ನಾನು ನೋಡುವುದು "ಅವರ ಬಳಿ ಇದೆ" ಅನ್ನುವ ಉತ್ತರಗಳನ್ನೇ. ಆ ದಾಖಲೆಗಳನ್ನು ಎದುರು ಪಕ್ಷದವರು ಹಾಜರುಪಡಿಸಲಿ ಅಂತ ಕೋರ್ಟಿಗೆ ಹಾಕುವ ಅರ್ಜಿಯ ಕರಡನ್ನು ಅಲ್ಲಿಂದಲೇ ಶುರು ಮಾಡುತ್ತೇನೆ.